ವೃಷಭೇಂದ್ರಪ್ಪನವರ ಇಂಗುಗುಂಡಿ

ಅನ್ನಮ್ಮ ಬಂದಾಗ ಪ್ರೇಮಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಮುಂಬಾಗಿಲಿಂದ ಬರುವ ಹೆಂಗಸಲ್ಲ ಅನ್ನಮ್ಮ. ಯಾವಾಗಲೂ ಹಿತ್ತಿಲಿನ ಬಾವಿಕಟ್ಟೆ ಬಳಸಿಕೊಂಡು ಅಡಿಗೆಮನೆ ಬಾಗಿಲಿಗೇ ಬಂದು, "ಎಂತ ತಿಂಡಿ ಇವತ್ತು?" ಅನ್ನುವವಳು. ಅವತ್ತು ಮುಂದಿನ ಜಗಲಿಗೆ ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಬಕೆಟ್ಟು. ಅದನ್ನು ತಂದು ಪ್ರೇಮಕ್ಕನ ಗಂಡ ವೃಷಭೇಂದ್ರಪ್ಪನವರ ಕುರ್ಚಿಯ ಎದುರಿಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ನಿಂತಳು.

"ಏನಮ್ಮ ಅದು?"

"ನೀರು ಯಜಮಾನ್ರೆ. ಕುಡೀರಿ."

ನೀರಿನ ಮೇಲೆ ನವಿಲಿನ ಕತ್ತಿನ ಬಣ್ಣ ತೇಲುತ್ತಿತ್ತು. ವೃಷಭೇಂದ್ರಪ್ಪನವರು ಬೆರಳಾಡಿಸಿದರು. ಬಣ್ಣ ಹರಿದು ದೂರ ಸರಿದು ಮತ್ತೆ ಕೂಡಿಕೊಂಡಿತು. ಬೆರಳು ಮೂಸಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಇಡೀ ಜಗಲಿ ಡೀಸೆಲ್ ನಾತ.

"ನನ್ನ ಹಸು ಹಳ್ಳಕ್ಕೆ ಇಳೀತದೆ, ಮೂಸ್ತದೆ, ಹಂಗೇ ವಾಪಸ್ ಹತ್ತಿ ಬರ್ತದೆ. ಹಸುವಿಗೆ ಗೊತ್ತಾಗೋದು ನಿಮ್ಮ ಮಗನಿಗೆ ಗೊತ್ತಾಗಲ್ವಾ?"

ಒಳಗಿಂದ ಪ್ರೇಮಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಅನ್ನಮ್ಮ, ಕೂತ್ಕೊಂಡು ಮಾತಾಡು ಮಾರಾಯ್ತಿ. ಬಿಸಿ ರೊಟ್ಟಿ ಇದೆ."

"ರೊಟ್ಟಿ ಬೇಡ ಪ್ರೇಮಕ್ಕ. ಇವತ್ತು ಜಗಳಕ್ಕೆ ಬಂದಿದೀನಿ, ರೊಟ್ಟಿ ತಿಂದ್ರೆ ಜಗಳ ಬರಲ್ಲ," ಎಂದು ಅನ್ನಮ್ಮ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಮುತ್ತಿನಕೊಪ್ಪದಲ್ಲಿ ಈ ಮನೆ ಗೊತ್ತಿಲ್ಲದವರಿಲ್ಲ. ಮನೆಗಿಂತ ಹೆಚ್ಚಾಗಿ ಪ್ರೇಮಕ್ಕನ ಬಾವಿ ಗೊತ್ತು. ರಸ್ತೆಯ ಪಕ್ಕಕ್ಕೇ ಮಗ ವೀರೇಶ ಗಾಡಿ ತೊಳೆಯುವ ವಾಟರ್ ಸರ್ವಿಸ್ ಶೆಡ್ಡು. ಅದರ ಹಿಂದೆ ಸ್ವಲ್ಪ ತಗ್ಗಿನಲ್ಲಿ ಮನೆ, ಮನೆಯ ಹಿಂದೆ ಬಾವಿ, ಇನ್ನೂ ಕೆಳಗಿಳಿದರೆ ಹಳ್ಳ. ಹಳ್ಳದ ಆಚೆ ದಡದಲ್ಲಿ ಅನ್ನಮ್ಮನ ಹೆಂಚಿನ ಮನೆ, ಕೊಟ್ಟಿಗೆ. ಗಂಡ ತೀರಿಕೊಂಡ ಮೇಲೆ ಅವಳು ಹಾಲು ಮಾರಿಯೇ ಮಕ್ಕಳನ್ನು ದಡ ಸೇರಿಸಿದವಳು. ಬಾವಿ ನೀರಿನ ರುಚಿ ಎಂಥದ್ದೆಂದರೆ, ಎನ್.ಆರ್. ಪುರದ ಬಸ್ಸಿನ ಕಂಡಕ್ಟರು ಶೆಡ್ಡಿನ ಎದುರು ಬಸ್ಸು ನಿಲ್ಲಿಸಿ, "ಪ್ರೇಮಕ್ಕ, ಒಂದು ಬಾಟ್ಲಿ!" ಎಂದು ಕೂಗಿ ಇಳಿಯುತ್ತಿದ್ದ. ಮದುವೆ ಮನೆಯವರು ಪಾಯಸಕ್ಕೆಂದು ಡ್ರಮ್ಮು ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಪ್ರೇಮಕ್ಕ ಯಾರಿಗೂ ಇಲ್ಲ ಅಂದವಳಲ್ಲ. ನೀರು ಕೊಡುವಾಗ ಅವಳ ಮುಖ ನೋಡಬೇಕು, ಮಗಳನ್ನು ಧಾರೆ ಎರೆದು ಕೊಡುವವಳ ಹಾಗೆ ಇರುತ್ತಿತ್ತು.

ಮೊದಮೊದಲು ವೀರೇಶನ ಶೆಡ್ಡಿಗೆ ಬರುತ್ತಿದ್ದುದು ಬೈಕು, ಟಿಲ್ಲರು ಅಷ್ಟೇ. ಕಂಪ್ರೆಸರ್ ಹಾಕಿಸಿದ ಮೇಲೆ ಜೀಪು, ಟ್ರ್ಯಾಕ್ಟರು, ಕೆಲವೊಮ್ಮೆ ಲಾರಿಯೂ ಬಂತು. ಮಳೆಗಾಲಕ್ಕೆ ಮುಂಚೆಯಂತೂ ಅವನಿಗೆ ಉಣ್ಣಲು ಪುರಸೊತ್ತಿರಲಿಲ್ಲ. ಈ ಕಡೆ ಮಳೆಗೆ ಗಾಡಿಯ ತಳ ತುಕ್ಕು ಹಿಡಿಯದೆ ಉಳಿಯಬೇಕಾದರೆ ಕೆಳಗಿನಿಂದ ಆಯಿಲ್ ಸ್ಪ್ರೇ ಹೊಡೆಸಲೇಬೇಕು. ಡೀಸೆಲ್ ಹೊಡೆದು ಕೆಸರು ಬಿಡಿಸು, ಸೋಪು ಹಾಕಿ ತೊಳಿ, ಒಣಗಿದ ಮೇಲೆ ಆಯಿಲ್ ಹೊಡಿ. ತೊಳೆದದ್ದೆಲ್ಲ ರಸ್ತೆಯ ಚರಂಡಿಗೆ. ಚರಂಡಿ ಮನೆಯ ಪಕ್ಕದಲ್ಲೇ ತಿರುಗಿ ಹಳ್ಳಕ್ಕೆ. ಹಳ್ಳ ಭದ್ರೆಯ ಹಿನ್ನೀರಿಗೆ.

ವೀರೇಶ ತಿಂಡಿಗೆ ಬಂದಾಗ ಬಕೆಟ್ಟು ಜಗಲಿಯಲ್ಲೇ ಇತ್ತು.

"ಇದೇನು?"

"ನಿನ್ನ ಸಂಪಾದನೆ," ಎಂದರು ವೃಷಭೇಂದ್ರಪ್ಪನವರು.

"ಅಪ್ಪಾಜಿ, ಸುಟ್ಟ ಆಯಿಲ್ ಒಂದು ತೊಟ್ಟು ನಾನು ಚೆಲ್ಲಲ್ಲ. ಬೇಲಿಗೂಟಕ್ಕೆ ಗೆದ್ದಲು ಹಿಡೀಬಾರ್ದು ಅಂತ ಜನ ಡಬ್ಬಿ ಹಿಡ್ಕೊಂಡು ಕಾಯ್ತಾರೆ. ಹೋಗೋದು ತೊಳೆದ ನೀರು ಮಾತ್ರ. ಒಂದು ಮಳೆ ಬಂದ್ರೆ ಎಲ್ಲ ಕೊಚ್ಕೊಂಡು ಹೋಗುತ್ತೆ."

"ಎಲ್ಲಿಗೆ ಹೋಗುತ್ತೋ?" ಪ್ರೇಮಕ್ಕ ತಟ್ಟೆಗೆ ರೊಟ್ಟಿ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಹೊಳೆಗೆ. ಮತ್ತೆಲ್ಲಿಗೆ? ಅಮ್ಮ, ರೊಟ್ಟಿ ಹಾಕು, ಗಾಡಿ ರ‍್ಯಾಂಪ್ ಮೇಲೆ ನಿಂತಿದೆ."

"ಅನ್ನಮ್ಮನ ಹತ್ರ ಮಾತಾಡಿ ಬಾ, ಹಾಕ್ತೀನಿ."

"ನಿನಗೆ ಮಗ ಹೆಚ್ಚೋ ಅನ್ನಮ್ಮ ಹೆಚ್ಚೋ?"

"ನೀನು ಹುಟ್ಟಿದಾಗ ನನಗೆ ಹಾಲು ಬರ್ಲಿಲ್ಲ. ಆ ಕಡೆ ದಡದಿಂದ ದಿನಾ ಚೊಂಬು ಹಿಡ್ಕೊಂಡು ಬಂದವಳು ಯಾರು ಅಂದ್ಕೊಂಡೆ?"

ಸೊಸೆ ಶ್ವೇತ ಬಾಳೆಹೊನ್ನೂರಿನ ಹುಡುಗಿ, ಬಂದು ವರ್ಷ ಆಗಿತ್ತು. ಅತ್ತೆಯ ಕೈಯಿಂದ ಮೆಲ್ಲಗೆ ರೊಟ್ಟಿ ತೆಗೆದು ಗಂಡನ ತಟ್ಟೆಗೆ ಹಾಕಿದಳು. ವೀರೇಶ ಅದನ್ನು ಮುಟ್ಟದೆ ಎದ್ದು ಹೋದ. ಶೆಡ್ಡಿನಲ್ಲಿ ಕಂಪ್ರೆಸರ್ ದಡಬಡ ಶುರುವಾಯಿತು.

ಈ ಜಗಳ ಯುಗಾದಿ ಕಳೆಯುವವರೆಗೂ ನಡೆಯಿತು. ಪ್ರೇಮಕ್ಕ ಮಗನಿಗೆ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. "ಅವನಿಗೆ ಮಜ್ಜಿಗೆ ಬೇಕಾ ಕೇಳು," ಎಂದು ಎದುರಿಗೇ ಕೂತ ಮಗನ ವಿಷಯ ಸೊಸೆಗೆ ಹೇಳುತ್ತಿದ್ದಳು. ವೀರೇಶನೂ ಬಿಡಲಿಲ್ಲ. "ಹಳ್ಳದ ಯಜಮಾನ್ತಿ ಹತ್ರ ಪರ್ಮಿಷನ್ ತಗೊಂಡು ಉಪ್ಪು ಹಾಕೋಕೆ ಹೇಳು," ಎನ್ನುತ್ತಿದ್ದ. ನಡುವೆ ಶ್ವೇತ ಮಜ್ಜಿಗೆ ಪಾತ್ರೆ ಹಿಡಿದು ಯಾರ ಕಡೆ ನೋಡಬೇಕೋ ತಿಳಿಯದೆ ನಿಂತಿರುತ್ತಿದ್ದಳು.

ಇದನ್ನೆಲ್ಲ ಬಗೆಹರಿಸಿದವರು ವೃಷಭೇಂದ್ರಪ್ಪನವರು. ಅವರು ಮೊದಲು ಅಕ್ಕಿ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ಊರಿನ ಜಲಾನಯನ ಸಂಘದ ಸದಸ್ಯರು. ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಇಂಗುಗುಂಡಿಯದೇ ಮಾತು. ಗೋಡೆ ಮೇಲೆ ಇಂಗುಗುಂಡಿ, ರೇಡಿಯೋದಲ್ಲಿ ಇಂಗುಗುಂಡಿ, ಸಂಘದ ಮೀಟಿಂಗಿನಲ್ಲಿ ಮಂಡಕ್ಕಿ ಖಾರದ ಜೊತೆಗೆ ಇಂಗುಗುಂಡಿ. ಹರಿದು ಹೋಗುವ ನೀರನ್ನು ಹಿಡಿದು ಭೂಮಿಗೆ ಇಂಗಿಸಬೇಕು, ಬಾವಿಗಿಂತ ಮೇಲಿನ ಜಾಗದಲ್ಲಿ ಗುಂಡಿ ತೆಗೆದರೆ ಬೇಸಿಗೆಯಲ್ಲೂ ಬಾವಿ ಬತ್ತುವುದಿಲ್ಲ ಎಂದು ಶಿವಮೊಗ್ಗದಿಂದ ಬಂದವರು ಚಿತ್ರ ತೋರಿಸಿ ಹೇಳಿದ್ದರು. ಅವರು ಹೇಳಿದ್ದು ಮಳೆನೀರಿನ ವಿಷಯ. ವೃಷಭೇಂದ್ರಪ್ಪನವರ ತಲೆಯಲ್ಲಿ ಮಾತ್ರ ಅದು ಮಗನ ಶೆಡ್ಡಿನ ನೀರಿಗೆ ಬಂದು ಕೂತಿತು.

ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವರ ಮುಖ ಅರಳಿತ್ತು.

"ಒಂದೇ ಕಲ್ಲು, ಎರಡು ಹಣ್ಣು," ಎಂದರು. "ಚರಂಡಿ ಬಾಯಿಗೆ ಕಲ್ಲಿಟ್ಟು ಸಿಮೆಂಟ್ ಹಾಕಿ ಮುಚ್ಚಿಬಿಡೋದು. ತೊಳೆದ ನೀರಿಗೆ ಇಂಗುಗುಂಡಿ ತೆಗೆಯೋದು. ಹಳ್ಳಕ್ಕೆ ಒಂದು ತೊಟ್ಟು ಹೋಗಲ್ಲ, ನಮ್ಮ ಬಾವಿ ನೀರೂ ಏರುತ್ತೆ. ಹೆಂಗೆ?"

ಪ್ರೇಮಕ್ಕ ಅಷ್ಟು ದಿನಗಳಲ್ಲಿ ಮೊದಲ ಸಲ ಮಗನ ಕಡೆ ನೋಡಿದಳು. ವೀರೇಶ ತಲೆ ಕೆರೆದುಕೊಂಡ.

"ಎಣ್ಣೆಯೂ ಇಂಗುತ್ತಾ ಮಾವ?" ಶ್ವೇತ ಕೇಳಿದಳು.

"ಎಣ್ಣೆ ಎಲ್ಲಾದ್ರೂ ಇಂಗುತ್ತೇನಮ್ಮ? ಎಣ್ಣೆ ಮೇಲೆ ತೇಲುತ್ತೆ, ನೀರು ಕೆಳಗಿಳಿಯುತ್ತೆ. ಮೇಲಿಂದು ತೆಗೆದು ಇವನು ಬೇಲಿಗೂಟಕ್ಕೆ ಮಾರ್ಕೊಳ್ಳಲಿ. ಕೆಳಗಿಂದನ್ನ ಕಲ್ಲು, ಇದ್ದಿಲು, ಮರಳು, ಆಮೇಲೆ ಭೂಮಿತಾಯಿ, ಇಷ್ಟು ಜನ ಸೋಸಿ ಕೊಡ್ತಾರೆ. ನಿಮ್ಮ ಅತ್ತೆ ಕಾಫಿ ಸೋಸೋದಕ್ಕಿಂತ ಚೆನ್ನಾಗಿ."

ಎಲ್ಲರೂ ನಕ್ಕರು. ವೀರೇಶ ಅಮ್ಮನಿಗೇ ನೇರ ಹೇಳಿದ, "ಅಮ್ಮ, ಸ್ವಲ್ಪ ಸಾರು ಹಾಕು." ಪ್ರೇಮಕ್ಕ ಸಾರಿನ ಜೊತೆ ತುಪ್ಪವನ್ನೂ ಹಾಕಿದಳು.

ಗುಂಡಿ ತೆಗೆದದ್ದು ಶೆಡ್ಡಿಗೂ ಮನೆಗೂ ನಡುವೆ, ಹಲಸಿನ ಮರದ ಬುಡದಲ್ಲಿ. ಬೇರೆ ಕಡೆಯೆಲ್ಲ ಜಂಬಿಟ್ಟಿಗೆ ಕಲ್ಲು, ಅಲ್ಲಿ ಮಾತ್ರ ಮಣ್ಣು ಮೆದು. "ಈ ಮಣ್ಣು ನೀರು ಕುಡಿಯೋದು ನೋಡೋ," ಎಂದು ವೃಷಭೇಂದ್ರಪ್ಪನವರು ಚೊಂಬುಗಟ್ಟಲೆ ಹೊಯ್ದು ಹೊಯ್ದು ತೋರಿಸಿದರು. ಲುಂಗಿ ಎತ್ತಿ ಕಟ್ಟಿ ತಾವೇ ಗುಂಡಿಗಿಳಿದು ದಪ್ಪ ಕಲ್ಲು, ಸಣ್ಣ ಕಲ್ಲು, ಇದ್ದಿಲು, ಮರಳು ಪದರಪದರವಾಗಿ ಹಾಸಿದರು. ಚರಂಡಿಯ ಬಾಯಿಗೆ ವೀರೇಶ ಚಪ್ಪಡಿ ನಿಲ್ಲಿಸಿ ಸಿಮೆಂಟು ಮೆತ್ತಿದ. ಸಂಘದವರು ಬಂದು ನೋಡಿದರು, ಫೋಟೋ ತೆಗೆದರು. ಮುಂದಿನ ಮೀಟಿಂಗಿನಲ್ಲಿ ಯಾರೋ, "ನಮ್ಮ ವೃಷಭೇಂದ್ರಪ್ಪನವರ ಮಾದರಿ," ಅಂದರಂತೆ. ಆ ಮಾತನ್ನು ಅವರು ಬಸ್ ಸ್ಟಾಂಡಿನಲ್ಲಿ ಸಿಕ್ಕಿದವರಿಗೆಲ್ಲ, ತಾವು ಹೇಳುತ್ತಿಲ್ಲ ಎಂಬಂತೆ ಹೇಳಿದರು.

ಹಳ್ಳ ತಿಳಿಯಾಯಿತು. ಅನ್ನಮ್ಮ ಒಂದು ಬುಟ್ಟಿ ಮರಗೆಣಸು ಹೊತ್ತುಕೊಂಡು ಈ ಸಲ ಹಿತ್ತಿಲ ಬಾಗಿಲಿಗೇ ಬಂದಳು.

"ಪ್ರೇಮಕ್ಕ, ಮೀನು ಮರಿ ಕಾಣ್ತಾ ಇದೆ ಹಳ್ಳದಲ್ಲಿ! ನಿನಗೆ ಹೇಳಿ ಪ್ರಯೋಜನ ಇಲ್ಲ, ನೀನು ತಿನ್ನಲ್ಲ."

"ತಿನ್ನದಿದ್ರೆ ನೋಡಬಾರ್ದಾ?"

"ಬಾ, ನೋಡು. ಹಸು ಕುಡಿಯೋದು ನೋಡು. ಸೊಂಟದವರೆಗೆ ಇಳಿದು ಕುಡೀತದೆ, ಎಮ್ಮೆ ಹಂಗೆ."

ಇಬ್ಬರೂ ಹೋಗಿ ನೋಡಿ ಬಂದರು. ಆ ದಿನ ಬೇಯಿಸಿದ ಗೆಣಸಿಗೆ ಹಸಿಮೆಣಸಿನ ಚಟ್ನಿ ಅರೆದು ಮನೆಯವರೆಲ್ಲ ಬಾವಿಕಟ್ಟೆಯ ಮೇಲೆ ಕೂತು ತಿಂದರು. ವೀರೇಶನಿಗೆ ಮೊದಲ ತುಂಡು ಕೊಟ್ಟವಳು ಅನ್ನಮ್ಮ. ಬಾವಿಯಲ್ಲಿ ನೀರು ನಿಜವಾಗಿಯೂ ಏರಿತ್ತು. ವೃಷಭೇಂದ್ರಪ್ಪನವರು ಹಗ್ಗ ಎಳೆದು ಅಳೆದು, "ಏಪ್ರಿಲ್ಲಲ್ಲಿ ಒಂದು ಮೊಳ ಹಗ್ಗ ಉಳಿಯೋದು ಎಂದಾದ್ರೂ ಕಂಡಿದ್ಯೇನೆ?" ಎಂದು ಹೆಂಡತಿಗೆ ತೋರಿಸಿದರು.

ಆ ತಿಂಗಳೇ ಶ್ವೇತ ಬಸುರಿ ಎಂದು ಗೊತ್ತಾಯಿತು. ಬೆಳಿಗ್ಗೆ ಎದ್ದರೆ ವಾಂತಿ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಸೆರಗು ಮೂಗಿಗೆ.

"ಅತ್ತೆ, ಅನ್ನ ಸೀಮೆಎಣ್ಣೆ ವಾಸನೆ ಬರ್ತಿದೆ."

"ಬರುತ್ತೆ. ವೀರೇಶ ಹೊಟ್ಟೇಲಿದ್ದಾಗ ನನಗೆ ಮಲ್ಲಿಗೆ ಹೂವು ಸೆಗಣಿ ವಾಸನೆ ಬರ್ತಿತ್ತು."

"ಹಂಗಲ್ಲ ಅತ್ತೆ. ನೀರೇ ವಾಸನೆ."

"ಯಾವ ನೀರು? ನಮ್ಮ ಬಾವಿ ನೀರಾ?" ಪ್ರೇಮಕ್ಕ ಕೊಡದಿಂದ ಒಂದು ಲೋಟ ಬಗ್ಗಿಸಿ ಗಟಗಟ ಕುಡಿದು ಖಾಲಿ ಲೋಟ ತೋರಿಸಿದಳು. "ನೋಡು, ಅಮೃತ. ನಿನ್ನ ಮೂಗನ್ನ ಈಗ ಏನೂ ಕೇಳ್ಬೇಡ."

ಗಂಡನ ಹತ್ತಿರ ಹೇಳಿದರೆ ಅವನು ನಕ್ಕ. "ನನ್ನ ಮೈಯೇ ಡೀಸೆಲ್ ವಾಸನೆ ಕಣೇ. ಪಕ್ಕದಲ್ಲಿ ಮಲಗ್ತೀಯಲ್ಲ, ಅದು ನಿನ್ನ ಮೂಗಲ್ಲೇ ಕೂತಿದೆ." ಅಂದಿನಿಂದ ಅವನು ಎರಡು ಸಲ ಸೋಪು ಹಾಕಿ ಸ್ನಾನ ಮಾಡತೊಡಗಿದ, ಪಾಪ. ಮಾವನ ಹತ್ತಿರ ಹೇಳಿದರೆ ಅವರು ಎನ್.ಆರ್. ಪುರದಿಂದ ಒಳ್ಳೆ ಏಲಕ್ಕಿ ತಂದುಕೊಟ್ಟರು, ಬಾಯಲ್ಲಿಟ್ಟುಕೊಳ್ಳಲು. ಎಲ್ಲರಿಗೂ ಅವಳ ಮೇಲೆ ಅಕ್ಕರೆ. ಯಾರಿಗೂ ಅವಳ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಕೊನೆಗೆ ಅವಳೂ ಹೇಳುವುದು ಬಿಟ್ಟಳು. ಎಳನೀರು, ಹಾಲು ಕುಡಿದು ದಿನ ತಳ್ಳಿದಳು.

ಮೇ ತಿಂಗಳ ನಡುವಿಗೆ ವೃಷಭೇಂದ್ರಪ್ಪನವರ ತಾಯಿಯ ವರ್ಷದ ಪೂಜೆ ಬಂತು. ಶೆಟ್ಟಿಕೊಪ್ಪದಿಂದ ತಂಗಿ ಸರ್ವಮಂಗಳಾ ಸಂಸಾರ ಸಮೇತ ಬಂದಳು. ಊರಿನ ನಾಲ್ಕು ಮನೆಯವರು ಬಂದರು. ಪೂಜೆ ಮಾಡಿಸಲು ಅಯ್ಯನವರು ಯಾರದೋ ಜೀಪಿನಲ್ಲಿ ಬಂದಿಳಿದರು. ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು.

ವೃಷಭೇಂದ್ರಪ್ಪನವರು ಮಡಿಯುಟ್ಟು, ಆಗಷ್ಟೇ ಬಾವಿಯಿಂದ ಸೇದಿದ ನೀರಿನಲ್ಲಿ ಅಯ್ಯನವರ ಪಾದ ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸಿದರು. ಪಾದೋದಕ ಒಬ್ಬೊಬ್ಬರ ಅಂಗೈಗೂ ಬಂತು. ಒಬ್ಬೊಬ್ಬರೂ ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಂಡರು. ಸರ್ವಮಂಗಳಾ ಕುಡಿದು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟಳು. ಅವಳ ಗಂಡ ಕುಡಿದು ಗಂಟಲು ಸರಿಮಾಡಿಕೊಂಡರು. ಪಕ್ಕದ ಮನೆಯವರು ಮೀಸೆ ಒರೆಸಿಕೊಂಡು ಮಾಡಿನ ಕಡೆ ನೋಡಿದರು. ಪಾದೋದಕವನ್ನು ಉಗಿಯುವುದುಂಟೇ? ಹೇಗಿದೆ ಎಂದು ಕೇಳುವುದುಂಟೇ? ಎಲ್ಲರೂ ನುಂಗಿದರು, ಎಲ್ಲರೂ ಸುಮ್ಮನಿದ್ದರು.

ಶ್ವೇತಳ ಸರದಿ ಬಂತು. ಅವಳು ಅಂಗೈಯನ್ನು ಮುಖದ ಹತ್ತಿರ ತಂದವಳು ನಿಲ್ಲಿಸಿದಳು. ಎದ್ದು ಹೊರಗೆ ಹೋಗಿ ಬಿಲ್ವಪತ್ರೆ ಗಿಡದ ಬುಡಕ್ಕೆ ಚೆಲ್ಲಿದಳು.

"ಎಂಥ ಸೊಸೆ ತಂದ್ಕೊಂಡ್ರಿ ಅತ್ತಿಗೆ!" ಸರ್ವಮಂಗಳಾ ಕೂಗಿಯೇ ಬಿಟ್ಟಳು. "ಅಯ್ಯನೋರು ಕೂತಿದ್ದ ಹಾಗೇ ಪಾದೋದಕ ಚೆಲ್ತಾಳೆ!"

ಪ್ರೇಮಕ್ಕನ ಮುಖ ಸುಟ್ಟ ಹಾಗಾಯಿತು. "ಶ್ವೇತಾ!"

ಶ್ವೇತ ಬಾಗಿಲಲ್ಲಿ ನಿಂತಳು. ಈ ಮನೆಗೆ ಬಂದ ಮೇಲೆ ಅವಳು ದನಿ ಎತ್ತಿದ್ದು ಅವತ್ತೇ. "ಚಿಕ್ಕತ್ತೆ, ನಿಮ್ಮ ಬಾಯಲ್ಲಿ ಈಗ ಡೀಸೆಲ್ ವಾಸನೆ ಇಲ್ವಾ? ದೇವರ ಮುಂದೆ ಕೂತಿದೀರಿ, ಸತ್ಯ ಹೇಳಿ."

ಸರ್ವಮಂಗಳಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಣ್ಣನ ಮುಖ ನೋಡಿದಳು. ಅಡಿಗೆಮನೆಯಲ್ಲಿ ಕಾವಲಿಯ ಮೇಲೆ ಹೋಳಿಗೆಯೊಂದು ಸೀಯುವ ವಾಸನೆ ಬಂದರೂ ಯಾರೂ ಏಳಲಿಲ್ಲ.

"ಇದೆ ತಾಯಿ," ಎಂದರು ಅಯ್ಯನವರು. "ನಾನು ಜೀಪಲ್ಲಿ ಬಂದವನು, ನನ್ನ ಕಾಲಿಗೇ ಏನೋ ಮೆತ್ತಿತ್ತೇನೋ, ಇಷ್ಟು ಜನಕ್ಕೆ ಅದನ್ನ ಕುಡಿಸಿಬಿಟ್ನಲ್ಲ ಅಂತ ಆವಾಗಿಂದ ಒದ್ದಾಡ್ತಾ ಇದೀನಿ." ನಗಲು ನೋಡಿದರು, ಆಗಲಿಲ್ಲ. "ನೀರು ಎಲ್ಲಿದು ವೃಷಭೇಂದ್ರಪ್ಪ?"

ವೃಷಭೇಂದ್ರಪ್ಪನವರು ಹಿತ್ತಿಲಿಗೆ ನಡೆದರು. ಕೊಡಪಾನ ಇಳಿಬಿಟ್ಟು ಸೇದಿ ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟರು. ಎಲ್ಲರೂ ಸುತ್ತ ಬಂದು ನಿಂತರು. ನೀರಿನ ಮೇಲೆ ತೆಳ್ಳಗೆ, ಹೊಸ ಸೀರೆಯ ಮಡಿಕೆಯ ಮೇಲೆ ಬೆಳಕು ಬಿದ್ದ ಹಾಗೆ, ಬಣ್ಣ ತಿರುಗುತ್ತಿತ್ತು.

"ಭೂಮಿತಾಯಿ ಸೋಸ್ತಾಳೆ ಅಂದ್ರಲ್ಲ ಅಪ್ಪಾಜಿ," ಎಂದ ವೀರೇಶ. ಹಂಗಿಸಬೇಕೆಂದು ಅಂದದ್ದಲ್ಲ. ನಿಜವಾಗಿಯೂ ಕೇಳಿದ್ದು.

ಆಮೇಲೆ ಮಾಡದ್ದಿಲ್ಲ. ವೀರೇಶ ಪಂಪ್‌ಸೆಟ್ ಇಟ್ಟು ಬಾವಿ ಖಾಲಿ ಮಾಡಿಸಿದ. ತಾನೇ ಇಳಿದು ಗೋಡೆ ಉಜ್ಜಿದ. ಬ್ಲೀಚಿಂಗ್ ಪೌಡರ್ ಹಾಕಿದ. ಒರತೆ ಮತ್ತೆ ಊರಿ ಬಂದ ನೀರು ಅದೇ ವಾಸನೆ, ಜೊತೆಗೆ ಬ್ಲೀಚಿಂಗ್ ವಾಸನೆ. ಮತ್ತೆ ಖಾಲಿ ಮಾಡಿಸಿದ. ಮತ್ತೆ ಅದೇ. ಕೊನೆಗೆ ಇಂಗುಗುಂಡಿಯನ್ನೇ ಅಗೆದು ತೆಗೆದರು. ಕಲ್ಲು, ಇದ್ದಿಲು, ಮರಳು ಎಲ್ಲ ಕಪ್ಪು ಹಲ್ವದ ಹಾಗೆ ಅಂಟಿಕೊಂಡು ಬಂತು. ಗುಂಡಿಯ ಕೆಳಗಿನ ಮಣ್ಣೂ ಕಪ್ಪು. ಅಗೆದಷ್ಟೂ ಕಪ್ಪು.

"ಇದನ್ನೆಲ್ಲಿ ಹಾಕ್ಲಿ?" ಬುಟ್ಟಿ ಹೊತ್ತು ವೀರೇಶ ನಿಂತ.

"ರಸ್ತೆ ಆಚೆ ಹಾಕು."

"ಅಲ್ಲಿಂದ ಮಳೆಗೆ ಗದ್ದೆಗೆ ಹೋಗುತ್ತೆ."

"ಗುಡ್ಡದ ಮೇಲೆ."

"ಗುಡ್ಡದಿಂದ ಮಳೆ ಎಲ್ಲಿಗೆ ತರುತ್ತೆ ಅಪ್ಪಾಜಿ? ನಮ್ಮ ಮನೆಗೇ."

ಬುಟ್ಟಿಗಳೆಲ್ಲ ಗುಂಡಿಯ ದಡದಲ್ಲೇ ಗುಪ್ಪೆಯಾಗಿ ಬಿದ್ದವು.

ಶ್ವೇತಳನ್ನು ಕರೆದುಕೊಂಡು ಹೋಗಲು ಅವಳ ಅಣ್ಣ ಮಹೇಶ್ವರ ಬಂದ. ಒಳಗೆ ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ. "ಕಾಫಿಗೆ ಯಾವ ನೀರು?" ಎಂದು ಕೇಳಿದ ಅಷ್ಟೇ. ಪ್ರೇಮಕ್ಕ ಲೋಟ ಹಿಡಿದುಕೊಂಡೇ ಒಳಗೆ ಹೋದಳು. ಹೊರಡುವಾಗ ಅವಳು ಸೊಸೆಯ ತಲೆ ಸವರಿ, "ನೀನು ಹೇಳಿದ್ದೆ ಕಣವ್ವ," ಎಂದಳು.

"ಇರ್ಲಿ ಅತ್ತೆ."

"ಇರ್ಲಿ ಅನ್ಬೇಡ. ಬೈಯಿ."

ಶ್ವೇತ ಬೈಯಲಿಲ್ಲ. ಆಟೋ ಹತ್ತುವಾಗ ಮಹೇಶ್ವರ ವೀರೇಶನಿಗೆ ಹೇಳಿದ, "ಭಾವ, ಬಾವಿ ಸರಿಯಾದ ದಿನ ಫೋನ್ ಮಾಡಿ. ಕಳಿಸ್ತೀವಿ." ಆ ವರ್ಷವೇ ಬಂದ ಮೊಬೈಲಿಗೆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಬಾವಿಕಟ್ಟೆಯ ಹತ್ತಿರ ಮಾತ್ರ. ವೀರೇಶ ದಿನಾ ಅಲ್ಲಿ ನಿಂತು ಮಾತಾಡುತ್ತಿದ್ದ. ಊಟ ಆಯ್ತಾ, ನಿದ್ದೆ ಬಂತಾ ಎಂದು ಕೇಳುತ್ತಿದ್ದ. ಬಾವಿಯ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

"ಸರ್ವಿಸ್ ನಿಲ್ಲಿಸು," ಎಂದರು ವೃಷಭೇಂದ್ರಪ್ಪನವರು. ವೀರೇಶ ವಾದ ಮಾಡದೆ ಶೆಡ್ಡಿಗೆ ಬೀಗ ಹಾಕಿದ. ಬೀಗ ಹಾಕಿದ ಮಾರನೆಯ ದಿನ ಅನ್ನಮ್ಮ ಓಡುತ್ತಾ ಬಂದಳು. ಸೇತುವೆ ಪಕ್ಕದಲ್ಲಿ ಎರಡು ಜೀಪು, ಒಂದು ಟ್ರ್ಯಾಕ್ಟರು ಸೀದಾ ಹಳ್ಳದೊಳಗೇ ಇಳಿದಿದ್ದವು. ಡ್ರೈವರುಗಳು ಪ್ಯಾಂಟು ಮಡಚಿ, ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ ಚಕ್ರ ಉಜ್ಜುತ್ತಿದ್ದರು. ವೀರೇಶ ಹೋಗಿ ಕೂಗಾಡಿದ.

"ನೀನು ಬೀಗ ಹಾಕಿದೀಯ, ನಾವೇನು ಕೆಸರಲ್ಲಿ ಓಡಿಸ್ಬೇಕಾ ಗಾಡಿ?" ಎಂದ ಒಬ್ಬ. "ಹಳ್ಳ ನಿಮ್ಮಪ್ಪಂದಾ?"

ತಾನೇ ಒಂದು ಕಾಲಕ್ಕೆ ಆಡಿದಂಥ ಮಾತು. ವೀರೇಶ ವಾಪಸ್ ಬಂದು ಬೀಗ ತೆಗೆದ. "ನಾನು ತೊಳೆದ್ರೆ ಬಾವಿ, ಅವರು ತೊಳೆದ್ರೆ ಹಳ್ಳ. ಯಾವುದು ಬೇಕು ಹೇಳಿ," ಎಂದ. ಸಂಘದ ಮೀಟಿಂಗಿಗೆ ಹೋಗುವುದನ್ನು ವೃಷಭೇಂದ್ರಪ್ಪನವರು ಆಗಲೇ ಬಿಟ್ಟಿದ್ದರು. ಯಾರೋ ಮನೆಗೇ ಬಂದು ತಮ್ಮ ಹಾಲಿನ ಡೇರಿಯ ಹತ್ತಿರ ಅದೇ ಮಾದರಿಯ ಗುಂಡಿ ತೆಗೆಸಬೇಕು, ಅಳತೆ ಹೇಳಿ ಎಂದು ಕೇಳಿದಾಗ ಒಳಗೆ ಹೋಗಿ ಮಲಗಿಬಿಟ್ಟರು.

ನೀರಿಗೆ ಅನ್ನಮ್ಮನೇ ಆಸರೆಯಾದಳು. ಅವಳ ಹಿತ್ತಿಲಲ್ಲಿ, ಹಳ್ಳದ ದಡದಲ್ಲಿ, ಮೊಣಕಾಲಾಳದ ಒಂದು ಒರತೆ ಇತ್ತು. ಹಳ್ಳ ತಿಳಿಯಾಗಿದ್ದರೆ ಅದೂ ತಿಳಿ. "ಬಾ ಪ್ರೇಮಕ್ಕ, ಎಷ್ಟು ಬೇಕೋ ತಗೋ. ಇಷ್ಟು ವರ್ಷ ನಿನ್ನ ಬಾವಿ ನೀರು ಕುಡಿದಿದೀನಿ." ದಿನಾ ಎರಡು ಹೊತ್ತು ಪ್ರೇಮಕ್ಕ ಕೊಡ ಹಿಡಿದು ಇಳಿಯುತ್ತಿದ್ದಳು, ತುಂಬಿದ ಕೊಡ ಹೊತ್ತು ಹತ್ತುತ್ತಿದ್ದಳು. ಬಸ್ಸು ನಿಂತು ಹಾರ್ನ್ ಹೊಡೆದರೆ ಮನೆಯೊಳಗಿಂದ ಓಗೊಡುತ್ತಿರಲಿಲ್ಲ. ಒಂದಷ್ಟು ದಿನಕ್ಕೆ ಬಸ್ಸು ನಿಲ್ಲುವುದೂ ಬಿಟ್ಟಿತು.

ಜೂನ್ ಹತ್ತಿರ ಬಂತು. ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತು. ಚರಂಡಿಯ ಬಾಯಿ ಮುಚ್ಚಿತ್ತು, ಗುಂಡಿ ತೆರೆದಿತ್ತು. ಒಂದು ದೊಡ್ಡ ಮಳೆ ಬಿದ್ದರೆ ರಸ್ತೆಯ ನೀರು, ಶೆಡ್ಡಿನ ನೀರು, ಗುಪ್ಪೆ ಹಾಕಿದ ಕಪ್ಪು ಕಲ್ಲಿನ ನೀರು ಎಲ್ಲ ಗುಂಡಿಗೆ ತುಂಬಿ ಸೀದಾ ಬಾವಿಗೆ ಇಳಿಯುತ್ತಿತ್ತು. ಆಮೇಲೆ ಈ ಜನ್ಮದಲ್ಲಿ ಬಾವಿಯ ಆಸೆ ಬಿಡಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿದವಳು ಪ್ರೇಮಕ್ಕ, ಮಧ್ಯಾಹ್ನದ ಊಟ ಬಡಿಸುತ್ತಾ.

"ಚರಂಡಿ ಬಾಯಿಯ ಚಪ್ಪಡಿ ಒಡಿ ವೀರೇಶ. ಗುಂಡಿ ಮುಚ್ಚಿಬಿಡು."

ವೀರೇಶ ಕೈಯಲ್ಲಿದ್ದ ತುತ್ತನ್ನು ಇಳಿಸಿದ. "ಅಮ್ಮ, ಕೆಳಗೆ..."

"ಕೆಳಗೆ ಯಾರಿದಾರೆ ಅಂತ ನನಗೆ ಹೇಳ್ಬೇಡ. ಮಗು ಬರ್ಬೇಕು ಈ ಮನೆಗೆ. ಇನ್ನೆರಡು ಮಳೆಗಾಲಕ್ಕೋ ಮೂರಕ್ಕೋ ಬಾವಿ ತಿಳಿಯಾದ್ರೆ ಆಗ್ಲಿ."

"ಆಗುತ್ತೆ ಅಂತ ಏನು ಗ್ಯಾರಂಟಿ?" ವೃಷಭೇಂದ್ರಪ್ಪನವರು ಮೆಲ್ಲಗೆ ಕೇಳಿದರು.

"ಇಲ್ಲ," ಎಂದಳು ಪ್ರೇಮಕ್ಕ. "ಉಣ್ಣಿ."

ಊಟವಾದ ಮೇಲೆ ಅವಳು ಕೊಡ ತೆಗೆದುಕೊಂಡು ಹಳ್ಳಕ್ಕೆ ಇಳಿದಳು.

ಅನ್ನಮ್ಮ ಹಸುವಿನ ಮೈ ತೊಳೆಯುತ್ತಿದ್ದಳು. "ಬೇಗ ಬಂದೆ ಇವತ್ತು? ಮಳೆ ಬರೋ ಹಾಗಿದೆ ಅಂತಲಾ?"

"ಅನ್ನಮ್ಮ, ಚರಂಡಿ ಒಡೀತೀವಿ."

ಅನ್ನಮ್ಮನ ಕೈ ನಿಂತಿತು. "ಯಾವಾಗ?"

"ಇವತ್ತು. ಮಳೆಗೆ ಮುಂಚೆ."

"ಕೇಳೋಕೆ ಬಂದ್ಯೋ, ಹೇಳೋಕೆ ಬಂದ್ಯೋ?"

ಪ್ರೇಮಕ್ಕ ಕೊಡವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ಹೇಳೋಕೆ."

ಬೈಯುತ್ತಾಳೆ, ಕಣ್ಣೀರು ಹಾಕುತ್ತಾಳೆ, ಶಾಪ ಹಾಕುತ್ತಾಳೆ ಎಂದು ಪ್ರೇಮಕ್ಕ ಕಾದು ನಿಂತಳು. ಅನ್ನಮ್ಮ ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಹಳ್ಳದ ನೀರನ್ನೇ ನೋಡುತ್ತಿದ್ದಳು.

"ಇವಳಿಗೆಲ್ಲಿ ನೀರು ಕುಡಿಸಲಿ?"

"ಗೊತ್ತಿಲ್ಲ."

"ನಾನು?"

"ಗೊತ್ತಿಲ್ಲ ಕಣೇ. ಪಂಚಾಯ್ತಿ ನಲ್ಲಿ ನಿಮ್ಮ ಕಡೆಗೆ ಎಳೀತಾರೆ ಅಂತ ಹೇಳ್ತಾನೇ ಇದಾರೆ."

"ಹೇಳ್ತಾನೇ ಇದಾರೆ," ಎಂದಳು ಅನ್ನಮ್ಮ. ಹಸುವನ್ನು ಮೇಲೆ ಹತ್ತಿಸಿ ಕಟ್ಟಿ ಮನೆಯೊಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದು ಪ್ರೇಮಕ್ಕ ಅಂದುಕೊಂಡಳು. ಅವಳು ಹೊರಗೆ ಬಂದಾಗ ಎರಡು ಕಂಕುಳಲ್ಲೂ ಕೊಡ, ಕೈಯಲ್ಲಿ ಹಾಲಿನ ಕ್ಯಾನು. ಅವನ್ನು ಒರತೆಯ ಹತ್ತಿರ ಇಟ್ಟು ಮತ್ತೆ ಒಳಗೆ ಹೋಗಿ ಅನ್ನದ ತಪ್ಪಲೆ, ಬಕೆಟ್ಟು, ದನಕ್ಕೆ ಕಲಗಚ್ಚು ಇಡುವ ಬಾನಿ, ಕೊನೆಗೆ ಬಚ್ಚಲ ಹಂಡೆಯನ್ನೇ ಉರುಳಿಸಿಕೊಂಡು ತಂದಳು.

"ನಿಂತು ಏನು ನೋಡ್ತೀಯ? ಮೊದಲು ನಿನ್ನ ಕೊಡ ತುಂಬ್ಕೋ," ಎಂದಳು. "ನಿನಗೂ ನಾಳೆಯಿಂದ ಇಲ್ಲಿ ನೀರಿಲ್ಲ."

ಪ್ರೇಮಕ್ಕ ಸೀರೆ ಎತ್ತಿ ಕಟ್ಟಿ ಒರತೆಗೆ ಇಳಿದಳು. ಅವಳು ಮೊಗೆದು ಕೊಡುವುದು, ಅನ್ನಮ್ಮ ಹೊಯ್ಯುವುದು. ಒರತೆ ಬೇಗ ಖಾಲಿಯಾಗುತ್ತಿತ್ತು, ಊರುವವರೆಗೆ ಇಬ್ಬರೂ ಕಾಯುತ್ತಿದ್ದರು. ದೂರದಲ್ಲಿ ಗುಡುಗಿತು.

"ಅಮ್ಮಾ!" ಮೇಲಿಂದ ವೀರೇಶ ಕೂಗಿದ. ಚರಂಡಿಯ ಬಾಯಲ್ಲಿ ಹಾರೆ ಹಿಡಿದು ನಿಂತಿದ್ದ. "ಹನಿ ಬೀಳ್ತಾ ಇದೆ! ಒಡೀಲಾ?"

"ತಡಿಯೋ!" ಪ್ರೇಮಕ್ಕ ತಲೆ ಎತ್ತದೆ ಕೂಗಿದಳು. "ಹಂಡೆ ಇದೆ ಇನ್ನೂ!"

ಹಂಡೆ ತುಂಬಲು ಹೊತ್ತು ಹಿಡಿಯಿತು. ತುಂಬಿತು. ಅನ್ನಮ್ಮ ಸುತ್ತ ನೋಡಿದಳು, ಮನೆಯ ಕಡೆ ನೋಡಿದಳು. ಮತ್ತೆ ಪಾತ್ರೆ ಇರಲಿಲ್ಲ.